ದೀಪಶ್ರೀ ಅಕ್ಕನ ಸಾಕ್ಷಿ

ನಮ್ಮ ಪ್ರಾರ್ಥನಾ ಮಂದಿರದಲ್ಲಿ ದೀಪಶ್ರೀ ಅಕ್ಕನಷ್ಟು ಚೆನ್ನಾಗಿ ಸಾಕ್ಷಿ ಹೇಳುವವರು ಇನ್ನೊಬ್ಬರಿಲ್ಲ. ನಾಗಸಂದ್ರದ ಹಾರ್ಡ್‌ವೇರ್ ಅಂಗಡಿಯ ಮೇಲಿನ ಆ ಶೀಟಿನ ಮನೆಯಲ್ಲಿ ಪ್ರತಿ ಭಾನುವಾರ ಎದ್ದು ನಿಂತು, ದೇವರು ಈ ವಾರ ತನಗೆ ಏನೇನು ಮಾಡಿದ ಎಂದು ಕಣ್ಣೀರು ಹಾಕಿಕೊಂಡು ಹೇಳುತ್ತಾಳೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳೂ ಅವಳೇ. ಪೀಣ್ಯದ ಫ್ಯಾಕ್ಟರಿಯಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಪ್ರೆಸ್ ಮಿಷನ್.

ಆ ಪ್ರೆಸ್ಸೇ ನನ್ನ ಬಲಗೈಯ ಮೂರು ಬೆರಳು ತಿಂದಿತು. ಕೈ ಅಡ್ಡ ಬಂದರೆ ಮಿಷನ್ ತಾನೇ ನಿಲ್ಲಬೇಕು, ಅದಕ್ಕೊಂದು ಸೆನ್ಸಾರ್ ಇದೆ. ಕೆಲಸ ನಿಧಾನ ಆಗುತ್ತೆ ಎಂದು ಸೂಪರ್‌ವೈಸರ್ ವೀರೇಶ್ ಅವತ್ತು ಬೆಳಿಗ್ಗೆ ಅದರ ವೈರು ಕಿತ್ತ. ಬೇಡ ಸಾರ್ ಅಂದೆ. "ಇಷ್ಟ ಇಲ್ಲಾಂದ್ರೆ ಮನೆಗೆ ಹೋಗಮ್ಮಾ" ಅಂದ. ಇದನ್ನು ನೋಡಿದವಳು ದೀಪಶ್ರೀ ಅಕ್ಕ ಒಬ್ಬಳೇ. ಆಮೇಲೆ ವೀರೇಶ್, ವೈರು ಕಿತ್ತವಳು ವೇಣಿಯೇ ಎಂದು ನನ್ನ ತಲೆಗೆ ಕಟ್ಟಿದ. ಅದೇ ನಿಜ ಎಂದಾದರೆ ನನಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

ಆಸ್ಪತ್ರೆಯಲ್ಲಿ ಅಮ್ಮ ಹಣೆ ಚಚ್ಚಿಕೊಂಡಳು. "ಮನೆದೇವ್ರ ಬಿಟ್ಟು ಓದೆ. ಈಗ ನಿನ್ ಯೇಸಪ್ಪ ಕೈ ಇಡೀತಾನಾ? ಇಡಿಯಾಕೆ ಕೈಯೇ ಎಲ್ಲೈತೆ?"

ಹೆತ್ತವಳ ಬಾಯಲ್ಲಿ ಇಂಥ ಮಾತು! ಆದರೂ ನೋವು ತಡೆಯಲಾಗದೆ ಯೇಸಪ್ಪಾ ಎಂದು ಕೂಗಿದಾಗೆಲ್ಲ ಎದೆಯೊಳಗೆ ಏನೋ ಗಟ್ಟಿಯಾಗುತ್ತಿತ್ತು. ಅವನ ಕೈಗೂ ಮೊಳೆ ಹೊಡೆದಿದ್ದರಲ್ಲ, ನನ್ನ ಕೈನೋವನ್ನು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದೀಪಶ್ರೀ ಅಕ್ಕ ದಿನಾ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. "ಹೆದರ್ಬೇಡ ಕಣೇ, ನಾನಿದೀನಿ" ಅಂದಳು.

ವಿಚಾರಣೆಗೆ ಕಾರ್ಮಿಕ ಇಲಾಖೆಯ ಆಫೀಸರ್ ಆಸ್ಪತ್ರೆಗೇ ಬಂದರು. "ವೈರು ಕಿತ್ತಿದ್ದು ಯಾರಮ್ಮಾ?" ಎಂದು ಅವಳನ್ನೇ ಕೇಳಿದರು.

ಅವಳು ನನ್ನ ಕಡೆ ತಿರುಗಲೇ ಇಲ್ಲ. "ವೇಣಿನೇ ಸಾರ್. ಬೇಡ ಕಣೇ ಅಂತ ನಾನೇ ಬಯ್ದಿದ್ದೆ."

ನೋಡಿಲ್ಲ ಅಂದಿದ್ದರೂ ಸಾಕಿತ್ತು. ಬಯ್ದಿದ್ದೆ ಅಂತ ಬೇರೆ ಸೇರಿಸಿದಳು! ಸಾಕ್ಷಿ ಹೇಳಿ ಹೇಳಿ ಪಳಗಿದ ಬಾಯಿ. ನಾನು ಕಿರುಚಿದೆ. ಆಫೀಸರ್ ಸಮಾಧಾನ ಮಾಡ್ಕೊಳಮ್ಮಾ ಎಂದು ಹೊರಟುಹೋದರು. ಅದೇ ವಾರ ನನ್ನನ್ನು ಕೆಲಸದಿಂದ ತೆಗೆದರು, ಅವಳನ್ನು ಲೈನ್ ಲೀಡರ್ ಮಾಡಿದರು.

ಭಾನುವಾರ ಬಂತು. ಹೋಗುವುದೇ ಬೇಡ ಅನ್ನಿಸಿತು. ಯಾಕೆ ಹೋಗಬಾರದು? ದೇವರೇನು ಅವಳೊಬ್ಬಳ ಸ್ವತ್ತಾ? ಹೋದೆ. ಅವಳು ಎದ್ದು ನಿಂತು, ಕರ್ತನು ತನಗೆ ಬಡ್ತಿ ಕೊಟ್ಟ ಎಂದು ಅತ್ತಳು. ಎಲ್ಲರೂ ಹಲ್ಲೆಲೂಯ ಅಂದರು.

ಕೊನೆಗೆ ಪಾಸ್ಟರ್, ಪಕ್ಕದವರ ಕೈ ಹಿಡಿದು ಪ್ರಾರ್ಥಿಸೋಣ ಅಂದರು. ನಾನು ಹೋಗಿ ದೀಪಶ್ರೀ ಅಕ್ಕನ ಪಕ್ಕ ನಿಂತೆ. ಬ್ಯಾಂಡೇಜ್ ಬಿಚ್ಚಿ ಬಲಗೈ ಚಾಚಿದೆ. ಅವಳ ಕೈ ಮೇಲೇಳಲಿಲ್ಲ.

"ಹಿಡ್ಕೊಳ್ಳಿ ಸಿಸ್ಟರ್" ಅಂದರು ಪಾಸ್ಟರ್.

ಹಿಡಿದಳು. ಉಳಿದ ಹೆಬ್ಬೆರಳು, ಕಿರುಬೆರಳಲ್ಲೇ ಅವಳ ಕೈಯನ್ನು ಬಿಗಿಯಾಗಿ ಅಮುಕಿದೆ. ನೋವಿಗೆ ಪ್ರಾಣವೇ ಹೋದಂತಾಯಿತು, ಬಿಡಲಿಲ್ಲ. "ಯೇಸಪ್ಪಾ," ಎಂದು ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಿದೆ, "ವೈರು ಕಿತ್ತಿದ್ದು ವೀರೇಶ್ ಅಂತ ನಿಂಗೊತ್ತು, ಅಕ್ಕಂಗೂ ಗೊತ್ತು. ಅವಳು ನಂಗೆ ಕೈ ಕೊಟ್ಲು. ನಾನು ಅವಳ ಕೈ ಬಿಡಲ್ಲ. ನಿಜ ಹೇಳೋವರ್ಗೂ ಪ್ರತಿ ಭಾನುವಾರ ಬಂದು ಇದೇ ಕೈಲಿ ಹಿಡ್ಕೋತೀನಿ. ಶಕ್ತಿ ಕೊಡು."

ಯಾರೂ ಆಮೆನ್ ಅನ್ನಲಿಲ್ಲ. ನಾನೇ ಅಂದೆ.