ಸಲೈನ್ ಕೋಣೆಯ ಓ ಗುಂಪು

ಗಾಜಿನ ಕಾರ್ಖಾನೆಯ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಅವಳ ಸೂಜಿಗೆ ತೋಳು ಕೊಡದ ಕೆಲಸಗಾರ ಅಲ್ಲಿರಲಿಲ್ಲ. ಅವರ ಕೊರಳಲ್ಲಿ ತೂಗುವ ಗುರುತಿನ ಚೀಟಿಯ ಮೇಲಿನ ರಕ್ತದ ಗುಂಪು ಅವಳೇ ಪರೀಕ್ಷೆ ಮಾಡಿ ಬರೆಸಿದ್ದು. ಮುಖ ಮರೆತರೂ ಗುಂಪು ಮರೆಯುವವಳಲ್ಲ. ಸೂಜಿಯಕ್ಕನ ಕಣ್ಣಿಗೆ ನಾವು ಮನುಷ್ಯರಲ್ಲ, ಚೀಟಿ ಅಂಟಿಸಿದ ಬಾಟಲಿಗಳು ಎಂದು ಕುಲುಮೆಯವರು ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಕೆಲಸಗಾರರ ವಸತಿಯ ಕುಡಿಯುವ ನೀರಿನ ಕೊಳವೆ ಒಡೆದು, ಚರಂಡಿ ನೀರು ಒಳಸೇರಿ, ಕಾಲರಾ ಹಬ್ಬಿತು. ಎರಡೇ ದಿನದಲ್ಲಿ ಹದಿನಾರು ಹಾಸಿಗೆಯ ಸಲೈನ್ ಕೋಣೆ ತುಂಬಿಹೋಯಿತು. ಸ್ವಲ್ಪ ಭೇದಿ, ಅಷ್ಟೇ, ಎಂದು ಉಪ್ಪು-ಸಕ್ಕರೆಯ ಪೊಟ್ಟಣ ಕೊಟ್ಟು ಬೆಳಿಗ್ಗೆ ಮನೆಗೆ ಕಳಿಸಿದ್ದ ಇಬ್ಬರು ಸಂಜೆಯೊಳಗೆ ತೀರಿಕೊಂಡರು. ಇಡೀ ಆಸ್ಪತ್ರೆಗೆ ಕೈಕಾಲು ಆಡದಾಯಿತು.

ಮೂರನೆಯ ದಿನ ಹಾಸಿಗೆಯಿಂದ ಹಾಸಿಗೆಗೆ ಹೋಗಿ ರಕ್ತ ತೆಗೆಯುತ್ತಿದ್ದ ಸೂಜಿಯಕ್ಕ ನಡುವೆ ನಿಂತುಬಿಟ್ಟಳು. ಓ. ಮತ್ತೆ ಓ. ಒಂದು ಎ. ಮತ್ತೆ ಓ. ಹದಿನಾರರಲ್ಲಿ ಹದಿಮೂರು ಜನ ಓ. ತೀರಿಕೊಂಡ ಇಬ್ಬರೂ ಓ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹಗುರ ಭೇದಿಯವರಲ್ಲಿ ಮಾತ್ರ ಎಲ್ಲ ಗುಂಪಿನವರೂ ಇದ್ದರು.

ದೊಡ್ಡ ಡಾಕ್ಟರಿಗೆ ಹೇಳಿದರೆ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಕಾಲರಾ ನೀರಿನಿಂದ ಬಂದದ್ದು, ಗುಂಪಿನಿಂದಲ್ಲ. ಓ ಗುಂಪಿನವರು ಎಲ್ಲ ಕಡೆಯೂ ಹೆಚ್ಚೇ ಇರುತ್ತಾರೆ ಎಂದರು. ಅವಳು ವಾದಕ್ಕೆ ಇಳಿಯಲಿಲ್ಲ. ತನ್ನ ರಿಜಿಸ್ಟರ್ ತಂದು ಅವರ ಮೇಜಿನ ಮೇಲೆ ಬಿಚ್ಚಿಟ್ಟಳು.

"ನೀರು ಎಲ್ಲರೂ ಕುಡಿದಿದಾರೆ ಸರ್. ಕಾರ್ಖಾನೇಲಿ ಹತ್ತು ಜನಕ್ಕೆ ನಾಲ್ಕು ಜನ ಓ. ಸಲೈನ್ ಕೋಣೇಲಿ ಹತ್ತಕ್ಕೆ ಎಂಟು. ಮಿಕ್ಕ ಗುಂಪಿನವರು ಯಾಕೆ ಬೆಂಚಿನ ಮೇಲೇ ಉಳಿದ್ರು?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಕಾಲರಾದ ಮೇಲೆಯೇ ಕೆಲಸ ಮಾಡಿದ್ದ ಹಳೆಯ ಸಹಪಾಠಿಗೆ ಫೋನ್ ಮಾಡಿದರು. ಹತ್ತು ನಿಮಿಷ ಬಿಟ್ಟು ಫೋನ್ ಇಟ್ಟಾಗ ಅವರ ದನಿಯೇ ಬದಲಾಗಿತ್ತು. ಬೇರೆ ಕಡೆಗಳಲ್ಲೂ ಇದನ್ನು ಕಂಡಿದ್ದಾರಂತೆ: ಓ ಗುಂಪಿನವರಿಗೆ ಕಾಲರಾ ಹೆಚ್ಚಾಗಿ ತಗಲುತ್ತದೆ ಎಂದಲ್ಲ, ತಗಲಿದರೆ ಹೆಚ್ಚಾಗಿ ಕೆಡವುತ್ತದೆ.

"ನಿನಗೆ ಇದನ್ನ ಯಾರು ಹೇಳಿದ್ರಮ್ಮ?"

"ಚೀಟಿಗಳೇ ಹೇಳಿದ್ವು ಸರ್."

ಅಂದಿನಿಂದ ಭೇದಿಯೆಂದು ಬಂದ ಓ ಚೀಟಿಯವರನ್ನು, ಎಷ್ಟೇ ಚೆನ್ನಾಗಿ ಕಂಡರೂ, ಒಂದು ದಿನ ಮನೆಗೆ ಕಳಿಸಕೂಡದು ಎಂದಾಯಿತು. ಕ್ಯಾಂಟೀನಿನ ಮೇಜುಗಳನ್ನು ಹೊರಗೆ ಹಾಕಿ ಚಾಪೆ ಹಾಸಿದರು. ಮೊದಲು ಸಿಕ್ಕಿಬಿದ್ದವನು ಸೂಜಿಯಕ್ಕನ ಮೈದುನನೇ. ಕುಲುಮೆಯಲ್ಲಿ ಬೇಯುವ ಗಟ್ಟಿ ಆಳು.

"ಎರಡು ಸಲ ಹೋಗಿದ್ದಕ್ಕೆ ಮಲಗಿಸ್ತೀರಾ ಅತ್ತಿಗೆ? ಜನ ನಗ್ತಾರೆ."

"ನಗಲಿ ಬಿಡು. ನಾಳೆ ನೀನೂ ನಗೋ ಹಾಗಿರಬೇಕು. ಮಲಗು."

ಅವನು ಎದ್ದು ಓಡದಂತೆ ಬೂಟುಗಳನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮೈ ಬತ್ತಿದ ಮೇಲೆ ನರ ಸಿಗುವುದಿಲ್ಲವೆಂದು ಆಗಲೇ ಅವನ ತೋಳಿಗೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದಳು. ರಾತ್ರಿ ಮೂರು ಗಂಟೆಯ ಹೊತ್ತಿಗೆ ಮೈದುನ ಕುಸಿದ. ಕಣ್ಣು ಗುಳಿಬಿದ್ದವು, ಕಾಲು ಸೆಳೆಯಿತು, ದನಿ ಪಿಸುಮಾತಾಯಿತು. ಸೂಜಿ ಸಿದ್ಧವಿದ್ದದ್ದರಿಂದ ಒಂದು ಕ್ಷಣವೂ ಹಾಳಾಗಲಿಲ್ಲ. ಬಾಟಲಿಯ ಮೇಲೆ ಬಾಟಲಿ ಇಳಿಯಿತು. ಬೆಳಿಗ್ಗೆ ಅವನು ಕಣ್ಣು ಬಿಟ್ಟು ತಿನ್ನಲು ಏನಿದೆ ಎಂದು ಕೇಳಿದಾಗ ಸೂಜಿಯಕ್ಕ ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು.

ಮುಂದಿನ ಎಂಟು ದಿನಗಳಲ್ಲಿ ನಲವತ್ತೇಳು ಓ ಚೀಟಿಯವರು ಆ ಚಾಪೆಗಳ ಮೇಲೆ ಮಲಗಿದರು. ಹತ್ತೊಂಬತ್ತು ಜನ ಮೈದುನನಂತೆಯೇ ಕುಸಿದರು. ಹತ್ತೊಂಬತ್ತು ಜನವೂ ಎದ್ದು ಕೂತರು. ಕೊಳವೆ ರಿಪೇರಿಯಾಗಿ ಕಾಲರಾ ಕಾಲ್ತೆಗೆಯುವವರೆಗೆ ಮತ್ತೊಂದು ಸಾವು ಆಗಲಿಲ್ಲ.

ಆರೋಗ್ಯಾಧಿಕಾರಿಗಳ ಸಭೆಗೆ ಡಾಕ್ಟರು ಅವಳನ್ನೂ ಕರೆದುಕೊಂಡು ಹೋದರು. ಇದು ಯಾರ ಸಂಶೋಧನೆ ಎಂದು ಅಧಿಕಾರಿಯೊಬ್ಬರು ಕೇಳಿದ್ದಕ್ಕೆ, ನನ್ನದಂತೂ ಅಲ್ಲ, ನಾನು ಬೇಡ ಅಂದವನು ಎಂದು ಹೇಳಿ ಕೂತುಬಿಟ್ಟರು. ಒಮ್ಮೆಗೆ ಒಬ್ಬರೊಡನೆ, ಅದೂ ತೋಳು ಹಿಡಿದುಕೊಂಡು ಮಾತಾಡಿ ಅಭ್ಯಾಸವಿದ್ದ ಸೂಜಿಯಕ್ಕ ಎದ್ದು ನಿಂತಳು. ಮೊದಲ ವಾಕ್ಯ ತೊದಲಿತು. ಎರಡನೆಯದರಿಂದ ನಿಲ್ಲಲೇ ಇಲ್ಲ. ಒಂದು ಗಂಟೆ ಪ್ರಶ್ನೆ ಕೇಳಿದ ಅಧಿಕಾರಿಗಳು, ಸುತ್ತಲಿನ ಎಲ್ಲ ಕಾರ್ಖಾನೆಗಳ ಆಸ್ಪತ್ರೆಗೂ ಇದೇ ಕ್ರಮ ಬರೆದು ಕಳಿಸುವುದೆಂದು ಅಲ್ಲಿಯೇ ತೀರ್ಮಾನಿಸಿದರು.

ಸಭೆ ಮುಗಿಸಿ ಹೊರಬಂದ ನಲವತ್ತನಾಲ್ಕು ವರ್ಷದ ಆ ಹೆಂಗಸು, ಡಾಕ್ಟರು ನೋಡುತ್ತಿದ್ದಾರೆಂಬುದನ್ನೂ ಮರೆತು, ಎರಡೆರಡು ಮೆಟ್ಟಿಲು ಹಾರುತ್ತ ಬೀದಿಗಿಳಿದಳು.