ಮೂರನೇ ದಿನದ ಸೆಕೆ

"ಆಗಲ್ಲ ಅಕ್ಕ, ಒಂದು ಗೇಣು ಉದ್ದ ಜಾಸ್ತಿ," ಎಂದು ಮೆಟ್ಟಿಲ ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ತಮ್ಮ ಅಳತೆಯ ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟ. "ಪೆಟ್ಟಿಗೆ ಇಲ್ಲಿ ತಿರುಗಲ್ಲ. ತಿರುಗಬೇಕು ಅಂದ್ರೆ ನೆಟ್ಟಗೆ ನಿಲ್ಲಿಸ್ಬೇಕು."

ಮೂರನೇ ಮಹಡಿಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ಗಂಟಾಯಿತು.

"ನಿಲ್ಲಿಸೋದಾ? ಮೂವತ್ತನಾಲ್ಕು ವರ್ಷ ಆಫೀಸರ್ ಮೇಜಿನ ಮುಂದೆ ನಿಂತೇ ಇದ್ರು ಕಣೋ ನಿಮ್ಮ ಭಾವ. ಇವತ್ತೊಂದು ದಿನ ಮಲಗಿಕೊಂಡು ಹೋಗ್ಲಿ."

"ಹಾಗಾದ್ರೆ ಕಂಬಿ ಮೇಲಿಂದ ಎತ್ತಿ ದಾಟಿಸ್ಬೇಕು. ನಾಲ್ಕು ಜನ ಬೇಕೇ ಬೇಕು. ನಾವಿರೋದು ಮೂರೇ ಜನ."

ಮೂವರೆಂದರೆ ತಮ್ಮ, ಶವದ ಗಾಡಿಯ ಡ್ರೈವರ್, ಮತ್ತೆ ಸತ್ತವರ ಕೈಕೆಳಗೆ ಕೆಲಸ ಕಲಿತ ಶಿಷ್ಯ. ಶಿಷ್ಯನಿಗೂ ಈಗ ನಲವತ್ತೈದು ದಾಟಿ ಕನ್ನಡಕ ಬಂದಿದೆ. ಅವನು ಬೆಳಗಿನಿಂದ ಗೋಡೆಗೆ ಆತುಕೊಂಡು ನಿಂತಿದ್ದ, ಕೂತುಕೊಳ್ಳಿ ಅಂದರೂ ಕೂತಿರಲಿಲ್ಲ.

"ಹನ್ನೆರಡು ಮನೆ ಇರೋ ಬಿಲ್ಡಿಂಗಲ್ಲಿ ಒಬ್ಬ ಗಂಡಸು ಸಿಗಲ್ವಾ ಸ್ವಾಮಿ?" ಡ್ರೈವರ್ ಕೇಳಿದ.

ಸಿಗುತ್ತಿರಲಿಲ್ಲ, ಅಷ್ಟೇ. ಈ ಬಿಲ್ಡಿಂಗಿನಲ್ಲಿ ಸತ್ತವರಿಗೆ 'ಕತ್ತಲೆ ಮಾಸ್ತರು' ಎಂದು ಹೆಸರು. ಇಟ್ಟವನು ಕೆಳಗಿನ ಐಸಣ್ಣ. ಹನ್ನೊಂದು ವರ್ಷದ ಹಿಂದೆ ಬೇಸಿಗೆಯ ಒಂದು ಸಂಜೆ ಹೋದ ಕರೆಂಟು ಊರಿಗೆ ವಾಪಸ್ಸು ಬಂದದ್ದು ಎರಡು ದಿನ ಕಳೆದ ಮೇಲೆ. ಐಸಣ್ಣನ ಶೀತಲ ಕೋಣೆಯಲ್ಲಿದ್ದ ಹದಿನಾರು ಟನ್ ಮೀನು ಕೊಳೆತು ಹೋಯಿತು, ಅದರ ಹಿಂದೆಯೇ ಕೋಣೆಯೂ ಕೈಬಿಟ್ಟುಹೋಯಿತು. ಈಗ ಬಾಡಿಗೆ ವ್ಯಾನಿನಲ್ಲಿ ಐಸ್ ಗಡ್ಡೆ ಹೊತ್ತು ಅಂಗಡಿ ಅಂಗಡಿ ತಿರುಗುತ್ತಾನೆ. ಯಾರ ತಪ್ಪು ಎಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು: ಬೇಡಿಕೆಯ ಅಂದಾಜು ಹಾಕುವ ಗುಮಾಸ್ತರ ಲೆಕ್ಕದ ತಪ್ಪು. ಆ ಗುಮಾಸ್ತರು ಮೂರನೇ ಮಹಡಿಯಲ್ಲೇ ಇದ್ದರು, ಹುಡುಕುವ ಕಷ್ಟವೂ ಇರಲಿಲ್ಲ.

"ಆಫೀಸಿನ ದೊಡ್ಡವರು ಬರ್ತಾರಂತೆ," ಶಿಷ್ಯ ತಗ್ಗಿದ ದನಿಯಲ್ಲಿ ಹೇಳಿದ. "ಫೋನ್ ಬಂತು. ಹೂವಿನ ಹಾರ ಇಡೋಕೆ."

"ಬರ್ಲಿ," ಅಂದಳು ಅಕ್ಕ. "ಅವರದ್ದೂ ಒಂದು ಹೆಗಲಿದೆಯಲ್ಲ."

*

ನಾಳೆ ಊರು ಎಷ್ಟು ವಿದ್ಯುತ್ತು ಸುಡುತ್ತದೆ ಎಂದು ಇವತ್ತೇ ಹೇಳುವುದು ಸತ್ತವರು ಮಾಡುತ್ತಿದ್ದ ಕೆಲಸ. ದಿನದ ತೊಂಬತ್ತಾರು ಕಾಲುಗಂಟೆಗೆ ತೊಂಬತ್ತಾರು ಸಂಖ್ಯೆ, ಬೆಳಿಗ್ಗೆ ಹತ್ತರೊಳಗೆ ಮೇಜಿಗೆ ಬರಬೇಕು. ಆ ಸಂಖ್ಯೆ ನೋಡಿಕೊಂಡು ಆಫೀಸು ಮಾರುಕಟ್ಟೆಯಲ್ಲಿ ನಾಳೆಯ ಕರೆಂಟು ಕೊಳ್ಳುತ್ತದೆ. ಸಂಖ್ಯೆ ಸರಿಬಂದ ದಿನ ಹಾಗೊಬ್ಬ ಮನುಷ್ಯ ಇದ್ದಾನೆ ಎಂದೇ ಯಾರಿಗೂ ನೆನಪಾಗುವುದಿಲ್ಲ. ತಪ್ಪಿದ ದಿನ ಮಾತ್ರ ಕರೆ ಬರುತ್ತದೆ.

ಕಂಪ್ಯೂಟರಿನಲ್ಲಿ ಸಮೀಕರಣಗಳಿದ್ದವು: ಉಷ್ಣಾಂಶ, ವಾರ, ರಜೆ, ಹೋದ ವರ್ಷದ ಇದೇ ದಿನ. ಅದು ಸಾಲದೆಂದು ಅವರು ಬಾಲ್ಕನಿಯಲ್ಲಿ ನಿಂತು ಯಾರ ಮನೆಯ ಕಿಟಕಿ ಮುಚ್ಚಿದೆ, ಯಾರ ಮನೆಗೆ ಹೊಸ ಕೂಲರ್ ಬಂದಿದೆ ಎಂದು ಎಣಿಸುತ್ತಿದ್ದರು. ಬೇಸಿಗೆಯಲ್ಲಿ ಆಫೀಸಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಪಡುವಣ ಗೋಡೆಗೆ ಅಂಗೈ ಒತ್ತುತ್ತಿದ್ದರು.

"ಗೋಡೆ ಸವರೋ ಗಂಡ ಸಿಕ್ಕಿದ ನನಗೆ," ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು. "ನನ್ನ ಹಣೆ ಮುಟ್ಟಿ ಜ್ವರ ನೋಡಿದ್ದುಂಟಾ ಯಾವತ್ತಾದ್ರೂ?"

"ನೋಡೇ ಇಲ್ಲಿ. ಮೊದಲನೇ ದಿನದ ಸೆಕೆ ಗಾಳಿಯದ್ದು, ಸಂಜೆ ಇಳಿಯುತ್ತೆ. ಮೂರನೇ ದಿನದ್ದು ಗೋಡೆಯದ್ದು. ಗೋಡೆ ಕಾದ ಮೇಲೆ ಮನುಷ್ಯ ಫ್ಯಾನ್ ಆರಿಸೋದೇ ಇಲ್ಲ."

ಈ ಮಾತನ್ನೇ ಅವರು ಲೆಕ್ಕಕ್ಕೆ ತಂದಿದ್ದರು. ಒಂದೇ ಉಷ್ಣಾಂಶವಿದ್ದರೂ ಮೂರನೇ ದಿನದ ಬೇಡಿಕೆ ಮೊದಲ ದಿನಕ್ಕಿಂತ ಹೆಚ್ಚು. ಎಷ್ಟು ಹೆಚ್ಚು ಎನ್ನುವುದಕ್ಕೆ ಆರು ಬೇಸಿಗೆ ಕೂತಿದ್ದರು.

ಹನ್ನೊಂದು ವರ್ಷದ ಹಿಂದೆ ಕರೆಂಟು ಹೋಗುವ ಮುನ್ನಾದಿನ, ಸೆಕೆಯ ಎರಡನೇ ದಿನ. ನಾಳೆ ಸಂಜೆ ಎಂಟಕ್ಕೆ ನಾಲ್ಕು ಸಾವಿರದ ಮುನ್ನೂರ ಹತ್ತು ಮೆಗಾವ್ಯಾಟ್ ಬೇಕು ಎಂದು ಲೆಕ್ಕ ಹೇಳಿತು.

ದೊಡ್ಡವರು ಹಾಳೆ ನೋಡಿ ನಕ್ಕರು. "ಇವತ್ತು ರೇಟು ಆಕಾಶದಲ್ಲಿದೆ ರೀ. ನಾಲ್ಕು ಸಾವಿರದ ನೂರು ಅಂತ ಹಾಕಿ. ಬಾಕಿದ್ದು ನಾಳೆ ಸಂಜೆ ಕೊಂಡ್ರಾಯ್ತು, ಅಷ್ಟೊತ್ತಿಗೆ ಇಳಿದಿರುತ್ತೆ."

"ಸೆಕೆ ನಮ್ಮೊಬ್ಬರಿಗೇ ಅಲ್ಲ ಸಾರ್, ಅಕ್ಕಪಕ್ಕದ ಊರಿನವರಿಗೂ ಇದೆ. ನಾಳೆ ಸಂಜೆ ಮಾರೋರೇ ಇರಲ್ಲ. ಗೋಡೆ—"

"ನಿಮ್ಮ ಗೋಡೆ ಪುರಾಣ ಸಾಕು ಮಾರಾಯ್ರೇ. ಹಾಕಿ ಅಂದೆ."

ಪಕ್ಕದ ಮೇಜಿನಲ್ಲಿ ಶಿಷ್ಯ ತಲೆ ಎತ್ತದೆ ಕೇಳಿಸಿಕೊಂಡ. ಗುಮಾಸ್ತರು ಇನ್ನೂ ಒಂದು ನಿಮಿಷ ನಿಂತರು. ಆಮೇಲೆ ಬಂದು ಕೂತು ಒಂದು ಸಾಲಿನ ಅಂಕಿ ಅಳಿಸಿ ಬೇರೆ ಹೊಡೆದರು.

ಮರುದಿನ ಸಂಜೆ ಏಳೂಮುಕ್ಕಾಲಿಗೆ ಮಾರುಕಟ್ಟೆಯಲ್ಲಿ ಕೇಳಿದಷ್ಟು ಕೊಡುತ್ತೇವೆಂದರೂ ಒಂದು ಮೆಗಾವ್ಯಾಟೂ ಹುಟ್ಟಲಿಲ್ಲ. ಎಂಟೂ ಐದಕ್ಕೆ ಒಂದು ವಿದ್ಯುತ್ ಲೈನು ಭಾರ ತಾಳದೆ ಬಿತ್ತು. ಅದರ ಭಾರಕ್ಕೆ ಇನ್ನೊಂದು, ಅದರ ಭಾರಕ್ಕೆ ಮತ್ತೊಂದು.

*

ದೊಡ್ಡವರು ಹತ್ತೂವರೆಗೆ ಬಂದರು. ಈಗ ಇನ್ನೂ ದೊಡ್ಡವರಾಗಿದ್ದರು. ದರ ನಿಗದಿ ಮಾಡುವ ಸಮಿತಿಯಲ್ಲಿ ಕುರ್ಚಿ ಸಿಕ್ಕಿತ್ತು. ತೊಟ್ಟಿಲ ಬಾಯಿಯಷ್ಟು ಅಗಲದ ಹೂವಿನ ಹಾರವನ್ನು ತಾವೇ ಹೊತ್ತು ಮೂರು ಮಹಡಿ ಹತ್ತಿ ಏದುತ್ತಿದ್ದರು. ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿ ನಿಂತರು, ಹಾರ ಕೆಳಗಿಟ್ಟರು, ಗಂಟಲು ಸರಿಮಾಡಿಕೊಂಡರು.

"ಎಂಥ ಮನುಷ್ಯ! ಒಂದು ದಿನ ಎದುರಾಡಿದವರಲ್ಲ. ಇಲಾಖೆಗೆ ಕಷ್ಟ ಬಂದಾಗ ಹೆಗಲು ಕೊಟ್ಟವರು. ಕೆಲವೊಮ್ಮೆ ಕಾಲ ಯಾರ ಪರವಾಗೂ ಇರಲ್ಲ. ಏನು ಆಯ್ತೋ, ಹೇಗೆ ಆಯ್ತೋ, ಎಲ್ಲಾ ಒಂದು ವ್ಯವಸ್ಥೆ..."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರು ಮೊದಲಿನಿಂದಲೂ ನಿಸ್ಸೀಮರು. ಅಕ್ಕನ ತಮ್ಮ ನಡುವೆ ಬಾಯಿ ಹಾಕಿದ. "ಸಾರ್, ಇಳಿಸೋಕೆ ಒಬ್ಬರು ಕಮ್ಮಿ ಇದ್ದೀವಿ."

"ಅಯ್ಯೋ, ಅದಕ್ಕೇನಂತೆ! ನಾನಿದ್ದೀನಲ್ಲ." ಅವರು ಕೋಟು ಬಿಚ್ಚಹೊರಟರು.

"ಸ್ವಲ್ಪ ಇರಿ ಸಾರ್," ಅಂದಳು ಅಕ್ಕ. ಬೆಳಗಿನಿಂದ ಅವಳು ಇದಕ್ಕೇ ಕಾದಿದ್ದಳು. "ಹೆಗಲು ಆಮೇಲೆ. ಮೊದಲು ಒಂದು ಮಾತು ಹೇಳಿ. ಆ ಸಂಖ್ಯೆ ಇವರದ್ದಲ್ಲ, ನಂದು ಅಂತ. ಇಲ್ಲಿ ಇರೋ ಮೂರು ಜನರ ಮುಂದೆ ಹೇಳಿದ್ರೆ ಸಾಕು. ಪೇಪರ್‌ನೋರನ್ನೇನೂ ಕರೆಸಿಲ್ಲ ನಾನು."

ದೊಡ್ಡವರ ಕೈ ಕೋಟಿನ ಗುಂಡಿಯ ಮೇಲೇ ನಿಂತಿತು. "ಇವತ್ತು ಆ ಮಾತಿನ ದಿನವೇ ತಾಯಿ?"

"ಮತ್ತೆ ಯಾವತ್ತು? ಅವರಿಗೆ ಇನ್ನೊಂದು ದಿನ ಇದೆಯಾ?"

"ಆಗ ಅವರೇ ಸಹಿ ಮಾಡಿಕೊಟ್ಟಿದ್ದಾರಲ್ಲಮ್ಮ. ದಾಖಲೆ ಇದೆ."

ಶಿಷ್ಯ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಏನೋ ಹೇಳುವವನಂತೆ ಬಾಯಿ ತೆರೆದ. ದೊಡ್ಡವರು ಅವನ ಕಡೆ ತಿರುಗಿ, "ಏನಪ್ಪ, ನಿನ್ನ ಬಡ್ತಿ ಫೈಲು ಬಂದಿದೆ, ನೋಡಿದೆ," ಅಂದರು, ಬಹಳ ವಿಶ್ವಾಸದಿಂದ. ಶಿಷ್ಯ ಮತ್ತೆ ಗೋಡೆಗೆ ಹೋಗಿ ನಿಂತ.

*

ಸಹಿ. ಆ ಕಾಗದ ಕತ್ತಲೆಯಾದ ಐದನೇ ದಿನ ಮನೆಗೆ ಬಂದಿತ್ತು. 'ಅಂದಾಜಿನಲ್ಲಿ ಆದ ತಪ್ಪು ನನ್ನ ಲೆಕ್ಕದ್ದು.' ಒಂದೇ ಸಾಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಬರೆಯನ್ನು ಎಮ್ಮೆಯೇ ಎಳೆದುಕೊಳ್ಳಬೇಕಿತ್ತು.

ಅವರು ಕಾಗದವನ್ನು ಊಟದ ಮೇಜಿನ ಮೇಲೆ ಇಟ್ಟು ಎರಡು ದಿನ ಅದರ ಸುತ್ತಲೇ ಊಟ ಮಾಡಿದರು. ಮೂರನೇ ಬೆಳಿಗ್ಗೆ ಅಕ್ಕನೇ ಮಾತು ತೆಗೆದಳು.

"ಹಾಕಿಬಿಡ್ರೀ. ಪಿಂಚಣಿಗೆ ಹದಿನಾಲ್ಕು ತಿಂಗಳಿದೆ. ಈಗ ಜಗಳ ತೆಗೆದು ಬೀದಿಗೆ ಬಿದ್ರೆ ನಮ್ಮನ್ನ ಎತ್ತೋರು ಯಾರು? ಒಂದು ಸಾಲು ತಾನೇ? ನಾಲ್ಕು ದಿನ ಆದ್ರೆ ಜನ ಮರೀತಾರೆ."

"ಲೆಕ್ಕ ಸರಿ ಇತ್ತಲ್ಲೇ," ಅಂದರು ಅವರು. ಅಷ್ಟೇ ಅಂದದ್ದು.

ಅವಳು ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟಳು.

ಜನ ಮರೆಯಲಿಲ್ಲ. ಹನ್ನೊಂದು ವರ್ಷ, ಬಲ್ಬು ಒಮ್ಮೆ ಮಿಣುಕಿದರೆ ಸಾಕು, ಕೆಳಗಿನಿಂದ ಐಸಣ್ಣನ ಗಂಟಲು ಬರುತ್ತಿತ್ತು: "ಏನ್ ಮಾಸ್ತರೇ, ಇವತ್ತು ಎಷ್ಟು ಗಂಟೆಗೆ ಆರಿಸ್ತೀರಿ?" ಎಲ್ಲ ಮಹಡಿಯಲ್ಲೂ ನಗು. ಅವರು ಬಾಲ್ಕನಿಗೆ ಹೋಗುವುದನ್ನು ಬಿಟ್ಟರು. ಗೋಡೆ ಮುಟ್ಟುವುದನ್ನೂ ಬಿಟ್ಟರು. ಹೊರಗೆ ಹೋಗಿ ನಾಲ್ಕು ಮಾತು ಉಗಿದು ಬರುತ್ತೇನೆ ಎಂದು ಅವಳು ಎದ್ದರೆ "ಬಿಡೇ, ಪಾಪ, ಅವನ ಮೀನು ಹೋಯ್ತಲ್ಲ" ಅನ್ನುತ್ತಿದ್ದರು. ನೀನೇ ತಾನೇ ಹಾಕಿಸಿದ್ದು ಎಂದು ಒಂದು ದಿನವೂ ಅನ್ನಲಿಲ್ಲ. ಒಂದು ಸಲ ಬೈದಿದ್ದರೆ ಅವಳಿಗೆ ನಿದ್ದೆಯಾದರೂ ಬರುತ್ತಿತ್ತು. ಅಷ್ಟು ಒಳ್ಳೆಯವರಾಗಿದ್ದಕ್ಕೆ ಅವರ ಮೇಲೆ ಇವತ್ತಿಗೂ ಅವಳಿಗೆ ಸಿಟ್ಟಿದೆ.

*

"ರೀ, ಯಾರ್ರೀ ಗಾಡಿ ಅಡ್ಡ ನಿಲ್ಸಿದ್ದು?"

ಬಾಗಿಲಲ್ಲಿ ಐಸಣ್ಣ. ಬರಿಗಾಲು, ಮಡಚಿದ ಪ್ಯಾಂಟು, ಮೊಣಕಾಲ ತನಕ ಒದ್ದೆ. ಸಾವಿಗೆಂದು ಬಂದವನಲ್ಲ. "ಡ್ರೈವರ್ ಎಲ್ಲಿ? ನನ್ನ ವ್ಯಾನ್ ಈಚೆ ಬರ್ತಿಲ್ಲ, ಸರಕು ಕರಗ್ತಿದೆ."

ಅಷ್ಟರಲ್ಲಿ ದೊಡ್ಡವರು ಅಕ್ಕನ ಕಿವಿಯ ಹತ್ತಿರ ಬಗ್ಗಿ, ಉಸಿರಿನಷ್ಟು ಸಣ್ಣಗೆ, "ಅವರ ಸಂಖ್ಯೆ ಸರಿ ಇತ್ತಮ್ಮ. ನಂಗೆ ಗೊತ್ತು. ಸಮಾಧಾನ ಮಾಡ್ಕೊಳ್ಳಿ," ಅಂದಿದ್ದರು.

"ಗಟ್ಟಿಯಾಗಿ ಹೇಳಿ ಸಾರ್."

ದೊಡ್ಡವರು ನೆಟ್ಟಗಾಗಿ ಗಡಿಯಾರ ನೋಡಿಕೊಂಡರು.

"ಬೇಡ ಬಿಡಿ, ನಾನೇ ಹೇಳ್ತೀನಿ." ಅವಳು ಬಾಗಿಲ ಕಡೆ ತಿರುಗಿದಳು. "ಕೇಳಯ್ಯಾ ಐಸಣ್ಣ. ನಿನ್ನ ಮೀನು ಕೊಳೆಸಿದ ಸಂಖ್ಯೆ ನನ್ನ ಗಂಡನದ್ದಲ್ಲ. ಅವರು ಜಾಸ್ತಿ ಬೇಕು ಅಂದ್ರು. ಈ ಸಾಹೇಬ್ರು ಕಮ್ಮಿ ಹಾಕಿಸಿದ್ರು, ರೇಟು ಇಳಿಯುತ್ತೆ ಅಂತ. ತಪ್ಪು ನಂದು ಅಂತ ನನ್ನ ಗಂಡನ ಕೈಲಿ ಸಹಿ ಹಾಕಿಸಿದ್ದು ನಾನು. ನಾನೇ, ಕೈಗೆ ಪೆನ್ನು ಕೊಟ್ಟೆ."

ಐಸಣ್ಣ ಪೆಟ್ಟಿಗೆ ನೋಡಿದ, ಕೋಟು ನೋಡಿದ.

"ಹೌದಾ ಸಾರ್?"

"ನೋಡಪ್ಪ, ಅಂಥ ತೀರ್ಮಾನಗಳಲ್ಲಿ ಒಬ್ಬರದ್ದು ಅಂತ..."

"ಹೌದಾ ಇಲ್ವಾ?"

"ಹೌದು," ಅಂದ ಶಿಷ್ಯ. ಗೋಡೆಗೆ ಒರಗಿದ್ದಲ್ಲಿಂದಲೇ, ನೆಲ ನೋಡುತ್ತ. "ನಾನು ಪಕ್ಕದಲ್ಲೇ ಇದ್ದೆ." ಬಡ್ತಿಯ ಫೈಲಿಗೆ ಮಣ್ಣು ಬಿತ್ತು ಎಂದು ಅವನ ಮುಖವೇ ಹೇಳುತ್ತಿತ್ತು.

ಐಸಣ್ಣ ಪೆಟ್ಟಿಗೆಯ ಹತ್ತಿರ ಬಂದ. "ಹನ್ನೊಂದು ವರ್ಷ ಉಗಿದಿದ್ದೀನಲ್ಲೋ ಈ ಮನುಷ್ಯನಿಗೆ," ಅಂದ, ಯಾರಿಗೆ ಎಂದಿಲ್ಲದೆ. "ಒಂದು ಸಲ ಕೆಳಗೆ ಬಂದು ಹೇಳಬಾರದಿತ್ತಾ? ಥೂ, ನನ್ನ ಬಾಯಿಗಿಷ್ಟು!" ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಪೆಟ್ಟಿಗೆಯ ಮುಂಬದಿಯ ಬಲಮೂಲೆಗೆ ಹೋಗಿ ಬಗ್ಗಿದ. "ಏಳಿ, ಎತ್ತಿ. ಹುಷಾರು, ಮಟ್ಟಸವಾಗೇ ಇರ್ಲಿ, ಓರೆ ಮಾಡ್ಬೇಡಿ."

ತಿರುವಿನಲ್ಲಿ ನಾಲ್ವರೂ ಪೆಟ್ಟಿಗೆಯನ್ನು ಕಂಬಿಯ ಮೇಲಕ್ಕೆ ಎತ್ತಿದರು. ಅದು ಮಲಗಿದಂತೆಯೇ ದಾಟಿತು. ಮೆಟ್ಟಿಲು ಇಕ್ಕಟ್ಟು. ಪೆಟ್ಟಿಗೆಗೆ ಅಡ್ಡವೆಂದು ಮತ್ತೆ ಎತ್ತಿಕೊಂಡಿದ್ದ ಹಾರವನ್ನು ಹಿಡಿದುಕೊಂಡೇ ದೊಡ್ಡವರು ಹಿಂದೆ ಇಳಿಯಬೇಕಾಯಿತು. ಮುಂದೆ ಪೆಟ್ಟಿಗೆ, ಹಿಂದೆ ಅವಳು. ದಾಟಿ ಹೋಗುವುದಕ್ಕೂ ಇಲ್ಲ, ಹಿಂದಿರುಗುವುದಕ್ಕೂ ಇಲ್ಲ. ಪೆಟ್ಟಿಗೆ ಒಂದು ಮೆಟ್ಟಿಲಿಳಿದರೆ ಅವರೂ ಒಂದು ಮೆಟ್ಟಿಲು.

ಎರಡನೇ ಮಹಡಿಯಲ್ಲಿ ಬಾಗಿಲುಗಳು ಇಷ್ಟಿಷ್ಟೇ ತೆರೆದವು.

"ಸಂಖ್ಯೆ ಇವರದ್ದಲ್ಲವಂತೆ ಕಣ್ರೋ!" ಭಾರಕ್ಕೆ ಐಸಣ್ಣನ ಕೊರಳ ನರ ಉಬ್ಬಿತ್ತು. "ಮಾಸ್ತರು ಸರಿಯಾಗೇ ಹೇಳಿದ್ರಂತೆ!"

ಮೊದಲನೇ ಮಹಡಿಯಲ್ಲೂ ಅದನ್ನೇ ಕೂಗಿದ. ಹಲ್ಲುಜ್ಜುತ್ತ ಹೊರಬಂದ ದರ್ಜಿ ನೊರೆ ಉಗುಳಿ ಕೇಳಿದ, "ಮತ್ತೆ ಯಾರದ್ದಂತೆ?"

ಐಸಣ್ಣನ ಎರಡು ಕೈಯೂ ಪೆಟ್ಟಿಗೆಯ ಅಡಿಯಲ್ಲಿದ್ದವು. ಅವನು ಗದ್ದ ಎತ್ತಿ ಹಿಂದಕ್ಕೆ ತೋರಿಸಿದ. ಬಾಗಿಲುಗಳಲ್ಲಿದ್ದ ಕಣ್ಣುಗಳೆಲ್ಲ ಪೆಟ್ಟಿಗೆಯ ಮೇಲಿಂದ ಹಾದು ಒಂದೇ ಕಡೆ ನಿಂತವು. ದೊಡ್ಡವರು ಹೂವಿನ ಹಾರವನ್ನು ಮೆಲ್ಲನೆ ಮುಖದ ಮಟ್ಟಕ್ಕೆ ಏರಿಸಿಕೊಂಡರು.

"ಸಹಿ ಹಾಕಿಸಿದ್ದು ನಾನು," ಎಂದು ಅವರ ಬೆನ್ನ ಹಿಂದೆ, ಎರಡು ಮೆಟ್ಟಿಲು ಮೇಲೆ, ಅವಳು ಹೇಳುತ್ತಲೇ ಇಳಿಯುತ್ತಿದ್ದಳು. ಅವಳ ಕಡೆ ಯಾರೂ ನೋಡಲಿಲ್ಲ.