ಪುಂಡಲೀಕಪ್ಪನಿಗೂ ಒಂದು ಕೇವಿಯಟ್

ಲಕ್ಷ್ಮೇಶ್ವರದ ಬಜಾರದಲ್ಲಿ ಪುಂಡಲೀಕಪ್ಪನ ಪಾತ್ರೆ ಅಂಗಡಿಗೆ ಎದುರಾಗಿಯೇ ಬೀರಲಿಂಗನ ಪಾತ್ರೆ ಅಂಗಡಿ. ಅಲ್ಲಿಯ ಕೊಡ ತನ್ನ ಕೊಡಕ್ಕಿಂತ ಹೆಚ್ಚು ಹೊಳೆದರೂ ಸಾಕು, ಪುಂಡಲೀಕಪ್ಪನ ಹೊಟ್ಟೆಯನ್ನು ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿದಂತಾಗುತ್ತಿತ್ತು. ಹಾಗಾಗಿ ಬೀರಲಿಂಗನಿಗೆ ವಕೀಲರ ರಜಿಸ್ಟರ್ ಪೋಸ್ಟ್ ಬಂದಿದೆಯೆಂದು ಕೇಳಿದಾಗ ಅವನು ಖುಷಿಯಿಂದ ಇನ್ನೊಂದು ಚಹಾ ಹೇಳಿದ.

"ಮುಳುಗಿದ ಅನ್ನು. ಕೋರ್ಟು ಕಚೇರಿ ಹತ್ತಿದ್ವು."

"ಮುಳಗೂದೆಲ್ಲಿ ಬಂತು ಕಾಕಾ," ಎಂದ ಚಹಾದಂಗಡಿಯ ಆಸೀಮ. "ಅದು ಕೇವಿಯಟ್. ಶಿರಹಟ್ಟಿ ದೊಡ್ಡ ಪಾರ್ಟಿ ಹಾಕೇತಿ. ಬೀರಲಿಂಗಣ್ಣ ಎಲ್ಲಿ ಕೋರ್ಟಿನಿಂದ ಸ್ಟೇ ತಂದು ತಮ್ಮ ಕೆಲಸ ನಿಲ್ಲಸ್ತಾನೋ ಅಂತ ಹೆದರಿ ಮೊದಲ ಬಂದೋಬಸ್ತ್ ಮಾಡ್ಕೊಂಡಾರ."

"ಹೆದರಿ? ಈ ಬೀರ್‍ಯಾಗ?"

"ಹೂಂ ಮತ್ತ. ಹೆದರದ ಯಾರರ ಕೇವಿಯಟ್ ಹಾಕ್ತಾರೇನು?"

ಪುಂಡಲೀಕಪ್ಪ ಅರ್ಧ ಚಹಾ ಬಿಟ್ಟು ಎದ್ದ. ಆ ವಾರವಿಡೀ ಬಜಾರದ ಜನ ತಮ್ಮ ಜಗಳ ಬಿಡಿಸಲು ಬೀರಲಿಂಗನನ್ನೇ ಕರೆದರು. ಶಿರಹಟ್ಟಿಯವರೇ ಅಂಜುವ ಮನುಷ್ಯ! ತನಗೆ ಯಾರು ಅಂಜುತ್ತಾರೆ ಎಂದು ಪುಂಡಲೀಕಪ್ಪ ಲೆಕ್ಕ ಹಾಕಿದ. ಅಂಗಡಿಯ ಬೆಕ್ಕು ಕೂಡ ಅವನನ್ನು ಕಂಡರೆ ಇನ್ನಷ್ಟು ಕಾಲು ಚಾಚಿ ಮಲಗುತ್ತಿತ್ತು.

ತಡೆಯಲಾಗದೆ ವಕೀಲ ಸಿದ್ದಾರೂಢರ ಬಳಿ ಹೋದ.

"ಅದು ಲ್ಯಾಟಿನ್ ಮಾತೈತ್ರಿ," ಎಂದರು ವಕೀಲರು. "'ಅವ ಹುಷಾರಿರಲಿ' ಅಂತ ಅರ್ಥ. ಮಾಲು ಕೊಳ್ಳಾವ ಹುಷಾರಿರಲಿ ಅಂತ ವ್ಯಾಪಾರದಾಗೂ ಬಳಸ್ತಾರ. ಕೋರ್ಟಿನ್ಯಾಗ ಅಂದ್ರ, 'ಇಂಥಾವ ನನ್ನ ಮ್ಯಾಲೆ ಸ್ಟೇ ಕೇಳಾಕ ಬಂದ್ರ, ನನ್ನ ಮಾತು ಕೇಳದ ಕೊಡಬ್ಯಾಡ್ರಿ' ಅಂತ ಮೊದಲ ಅರ್ಜಿ ಹಾಕಿಡೂದು. ಮೂರು ತಿಂಗಳ ಚಾಲ್ತಿ ಇರ್ತೈತಿ. ಎದುರಿನವಗ ರಜಿಸ್ಟರ್ ಪೋಸ್ಟಿನ್ಯಾಗ ತಿಳಸಬೇಕು. ಯಾರ ಮ್ಯಾಲೆ ಹಾಕೂಣು, ಹೇಳ್ರಿ?"

"ಹಾಕೂದಲ್ರೀ. ನನ್ನ ಮ್ಯಾಲೆ ಹಾಕಿಸ್ಕೊಳ್ಳೂದು ಹೆಂಗ?"

ವಕೀಲರು ಕನ್ನಡಕ ತೆಗೆದರು. "ನಿಮ್ಮನ್ನ ಕಂಡು ಯಾರರ ಹೆದರಬೇಕ್ರಿ ಪುಂಡಲೀಕಪ್ಪಾರ. ಅದಕ್ಕ ಕಾಯ್ದೇದಾಗ ಕಲಂ ಇಲ್ಲ."

ಅಂದಿನಿಂದ ಸ್ಟೀಲ್ ಮಾರುವವನ ಬಾಯಲ್ಲಿ ಸ್ಟೇ ಬಿಟ್ಟರೆ ಬೇರೆ ಮಾತಿಲ್ಲ. ಪಕ್ಕದವರ ತಗಡಿನ ಚಪ್ಪರದ ಮೇಲೆ ಸ್ಟೇ, ಹಾಲಿನವನ ನೀರಿನ ಮೇಲೆ ಸ್ಟೇ, ಗಿರಾಕಿಗಳು ಕೂರುವ ಆಸೀಮನ ಬಾಕಿನ ಮೇಲೂ ಸ್ಟೇ.

"ತರ್ರಿ ಕಾಕಾ," ಎಂದ ಆಸೀಮ. "ಆದ್ರ ಬಾಕು ಬಿಸಲಾಗೈತಿ. ಮೊದಲ ನೆರಳಿಗಿ ಸರಸಿ ಆಮ್ಯಾಲೆ ಸ್ಟೇ ತರ್ರಿ."

ಎಲ್ಲರೂ ನಕ್ಕರು. ಎದುರಿಗೆ ಬೀರಲಿಂಗ ಎಲ್ಲರಿಗಿಂತ ಜೋರಾಗಿ ನಕ್ಕ. ಆ ಉರಿಯಲ್ಲೇ ಪುಂಡಲೀಕಪ್ಪ ಮನೆಗೆ ಬಂದಾಗ, ನಾಗಾವಿ ಹತ್ತಿರವಿರುವ ತನ್ನ ತವರಿನ ಪ್ಲಾಟನ್ನು ಮಗಳು ಸ್ನೇಹಾಳ ಹೆಸರಿಗೆ ಮಾಡುತ್ತೇನೆಂದು ಹೆಂಡತಿ ಗದಿಗೆವ್ವ ಮಾತು ತೆಗೆದಳು.

"ಸ್ಟೇ ತರ್ತೀನಿ!" ಎಂದು ಅವನು ಗುಡುಗಿದ, ಪೂರ್ತಿ ಕೇಳಿಸಿಕೊಳ್ಳದೆ. ಗದಿಗೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಕೆಲವು ವಾರ ಕಳೆದ ಮೇಲೆ ಪೋಸ್ಟಿನವನು ಅಂಗಡಿಗೆ ಬಂದು ಪುಂಡಲೀಕಪ್ಪನ ಸಹಿ ಕೇಳಿದ. ಗದಗಿನ ವಕೀಲರ ಲಕೋಟೆ. ಒಡೆದರೆ ಮೇಲೆಯೇ ದಪ್ಪಕ್ಷರದಲ್ಲಿ ಕೇವಿಯಟ್! ಪುಂಡಲೀಕಪ್ಪ ರಸ್ತೆಗೇ ಬಂದುಬಿಟ್ಟ.

"ಆಸೀಮ, ಇದನ್ನ ಎಲ್ಲಾರಿಗೂ ಕೇಳೂಹಂಗ ಓದಲೇ! ನನ್ನ ಕಣ್ಣಿನ ಚಾಳೀಸ ಮನ್ಯಾಗ ಉಳದೈತಿ."

ಬೀರಲಿಂಗ ತೂಕಕ್ಕಿಟ್ಟ ಹಂಡೆಯನ್ನು ಹಾಗೇ ಬಿಟ್ಟು ಓಡಿ ಬಂದ. ಆಸೀಮ ಗಂಟಲು ಸರಿಮಾಡಿಕೊಂಡು ಶುರು ಮಾಡಿದವನು ಎರಡನೇ ಸಾಲಿಗೆ ನಿಂತುಬಿಟ್ಟ. ಕಾಗದ ಮಡಚಿ ವಾಪಸು ಕೊಟ್ಟ.

"ಕಾಕಾ, ಮನಿಗಿ ಹೋಗಿ ಓದ್ಕೋರಿ."

"ಯಾರು ಹಾಕ್ಯಾರಲೇ?" ಬೀರಲಿಂಗ ಕತ್ತು ಚಾಚಿದ.

ಆಸೀಮ ಪುಂಡಲೀಕಪ್ಪನ ಮುಖ ನೋಡಿದ. "ದೊಡ್ಡ ಪಾರ್ಟಿ ಐತಿ ಬೀರಲಿಂಗಣ್ಣ," ಎಂದ. "ನಿಮ್ಮ ಶಿರಹಟ್ಟಿಯವ್ರಕಿಂತ ದೊಡ್ಡದು."

ಬೀರಲಿಂಗನ ಮುಖ ಸಣ್ಣಗಾಯಿತು. ಪುಂಡಲೀಕಪ್ಪ ಅದನ್ನು ಕಣ್ತುಂಬ ನೋಡಿ, ಚಾಳೀಸ ಹುಡುಕಲು ಮನೆಗೆ ಹಾರಿದ.

ಅರ್ಜಿದಾರರು: ಗದಿಗೆವ್ವ, ಗಂಡ ಪುಂಡಲೀಕಪ್ಪ. ದಾನಪತ್ರದ ವಿರುದ್ಧ ಸದರಿ ಗಂಡನು ತಡೆಯಾಜ್ಞೆ ತರುವ ಸಂಭವವಿರುತ್ತದೆ.

ಓದಿ ಮುಗಿಸಿ, ಕಾಗದ ಹಿಡಿದುಕೊಂಡೇ ಅವನು ಅಡುಗೆಮನೆಯ ಬಾಗಿಲಿಗೆ ಬಂದ.

"ಒಂದ ಮನ್ಯಾಗ ಇದ್ದು ನನಗ ಪೋಸ್ಟಿನ್ಯಾಗ ಕಳಸ್ತೀಯಲ್ಲ ಗದಿಗೆವ್ವಾ?"

"ಹಂಗ ಕಳಸಬೇಕಂತ್ರಿ, ಕಾಯ್ದೆ," ಎಂದಳು ಅವಳು ತಟ್ಟೆ ಇಡುತ್ತ. "ನೀವು ಊರ ತುಂಬ ಸ್ಟೇ ಸ್ಟೇ ಅಂತ ಒದರಿದ್ರಿ. ಊರು ನಂಬಲಿಲ್ಲ. ನಾ ನಂಬಿದೆ."

ಬರೀ ಸಿಟ್ಟಿನ ಮಾತಾಗಿತ್ತು, ಅಂಥ ಕೆಲಸ ತಾನೆಂದೂ ಮಾಡುತ್ತಿರಲಿಲ್ಲ ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು. ಅಲ್ಲಿಂದಲೇ ವಾಪಸು ಹೋಯಿತು. ತಟ್ಟೆಯ ಮುಂದೆ ಕೂತ.

"ಮಾಡಿಬಿಡು, ಸ್ನೇಹಾನ ಹೆಸರಿಗಿ," ಎಂದ. ಒಂದು ತುತ್ತು ನುಂಗಿದ. "ಆದ್ರ ನಾ ತರ್ತಿದ್ದೆ, ಹಾಂ. ಸ್ಟೇ. ಖರೇನ ತರ್ತಿದ್ದೆ."

"ಗೊತ್ತೈತ್ರಿ," ಎಂದು ಗದಿಗೆವ್ವ ಇನ್ನೊಂದು ರೊಟ್ಟಿ ಹಾಕಿದಳು.